ದೇವಕಣಗಿಲೆಗೆ ಹಾಕಿದ ಕತ್ತರಿ

ತಿಕೋಟಾ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾದು ಕಾದು ಅನುರಾಧಾಳ ಸೊಂಟ ಹಿಡಿದಿತ್ತು. ಪಕ್ಕದಲ್ಲಿ ತೊರವಿಗೆ ಹೊರಟ ಗಂಡಹೆಂಡಿರು ಕೂತಿದ್ದರು. ಹೆಂಡತಿಯ ಮಡಿಲಲ್ಲಿ ಒಂದು ಬೊಗಸೆ ದೇವಕಣಗಿಲೆ ಹೂವಿತ್ತು. ಅನುರಾಧಾ ಕಣ್ಣು ಮುಚ್ಚಿಕೊಂಡಳು, ಕಿವಿ ಮುಚ್ಚಿಕೊಳ್ಳಲಿಲ್ಲ.

“ಅಕ್ಕನ ಗಿಡದ ತುಂಬ ಹೂವು ನೋಡಿದ್ರಿ? ಆಕೀದು, ನಮ್ಮದು, ಎರಡೂ ಟೊಂಗಿ ನಮ್ಮವ್ವನ ಗಿಡದ್ವು, ಒಂದೇ ದಿನ ಹಚ್ಚಿದ್ವಿ.”

“ನಮ್ಮ ಅಂಗಳದ ಮಣ್ಣ ಸರಿ ಇಲ್ಲ, ಸೌಭಾಗ್ಯ.”

“ಅಕ್ಕ ಆ ಗಿಡಕ್ಕ ಕತ್ರಿ ಮುಟ್ಟಿಸಿಲ್ಲಂತ. ಹೂವು ಟೊಂಗಿ ತುದ್ಯಾಗ ಬರ್ತಾವಂತ.”

“ಮತ್ತ ನಾ ವರ್ಷಾ ವರ್ಷಾ ಟೊಂಗಿ ಸವರತೇನಲ್ಲ?”

“ಚಳಿಗಾಲದಾಗ ಎಲಿ ಉದುರೂದ ತಡ, ಸವರಿ ಬೋಳ ಮಾಡ್ತೀರಿ. ಐದು ವರ್ಷ ಆತು.”

“ದ್ರಾಕ್ಷಿ ತೋಟದಾಗ ಹಂಗ ಸವರಿದ್ರನ ಗೊನಿ ಬಿಡ್ತಾವ. ಇದರದು ನನಗೇನ ಗೊತ್ತು?”

“ಹೂ ಬಿಡಲಿಲ್ಲಂತ ಅತ್ತಿ ನನ್ನ ಕೈಗುಣ ಸರಿ ಇಲ್ಲ ಅಂದ್ರು. ಮೂರು ವರ್ಷಾತು, ಬಿತ್ತೂವಾಗ ನನಗ ಬೀಜಾ ಮುಟ್ಟಾಕ ಕೊಟ್ಟಿಲ್ಲ.”

ಗಂಡ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಇನ್ನ ಕತ್ರಿ ಹಚ್ಚೂದಿಲ್ಲ, ಬಿಡು.”

“ಅದನ್ನ ನನಗ್ಯಾಕ ಹೇಳ್ತೀರಿ? ಅತ್ತಿಗಿ ಹೇಳ್ರಿ.”

“ಆತಲ್ಲ, ಮುಂದ ನೋಡೂಣು.”

“ಬಿತ್ತೂದು ಮುಂದಿನ ವಾರನ ಐತಿ.”

ಅಷ್ಟರಲ್ಲಿ ಬಸ್ಸು ಬಂತು. ಗಂಡ ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ, ಒಳಗೆ ಹತ್ತಿ ಕೂಗಿದ.

“ಬಾ ಲಗೂನ, ನಿನಗೂ ಜಾಗಾ ಹಿಡದೇನಿ!”

ಸೌಭಾಗ್ಯ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಅನುರಾಧಾಳ ಕಡೆ ತಿರುಗಿದಳು.

“ಅಕ್ಕಾರ, ಅವರ ಮಗ್ಗಲ ಒಂದು ಸೀಟ ಐತಿ, ನೀವ ಕುಂದರ್ರಿ. ನಾ ನಿಂತ ಹೋಗ್ತೇನಿ.”