‘ಕಾಯಿಲೆ ಇಲ್ಲ’ ಎಂದು ಬರೆಸಿದ್ದಕ್ಕೆ ತಿದ್ದುಪಡಿ

ನಾನು, ಉಡಚಪ್ಪ ತಂದೆ ಹುಚ್ಚಪ್ಪ ಚಲವಾದಿ, ವಯಸ್ಸು 53 ವರ್ಷ, ಉದ್ಯೋಗ ಸರ್ಕಾರಿ ಕಚೇರಿಯಲ್ಲಿ ದಲಾಯತ್ (ಜವಾನ), ಸಾಕಿನ್ ಬೆಂಗೇರಿ, ಹುಬ್ಬಳ್ಳಿ, ಇಂದು ಬೆಳಿಗ್ಗೆ 10-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಿನ್ನೆ ದಿನಾಂಕ 08-04-2025ರಂದು ಮಧ್ಯಾಹ್ನ 3-05ಕ್ಕೆ ಇದೇ ಠಾಣೆಯಲ್ಲಿ, ನನ್ನ ಮಗಳು ಪೂನಮ್, ವಯಸ್ಸು 20 ವರ್ಷ, ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟಿದ್ದೆ. ಆ ದೂರಿನಲ್ಲಿ ನಾನು ಸುಳ್ಳು ಬರೆಸಿದ್ದೇನೆ. ಆಕೆ ಗ್ರಂಥಾಲಯಕ್ಕೆ ಓದಲು ಹೋದವಳು ಎಂದು ಬರೆಸಿದ್ದೆ. ಆಕೆ ಗ್ರಂಥಾಲಯದ ಮೆಟ್ಟಿಲು ಹತ್ತಿ ಹದಿನಾಲ್ಕು ತಿಂಗಳಾಗಿದೆ. ಬಿ.ಕಾಂ. ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಲಗಿಯೇ ಇದ್ದಳು. ಓಣಿಯವರು ಕೇಳಿದರೆ ಪರೀಕ್ಷೆಗೆ ಓದಾಕತ್ತಾಳ್ರಿ ಎಂದು ನಾನೇ ಹೇಳುತ್ತಿದ್ದೆ. ಕಾಯಿಲೆ ಏನಾದರೂ ಇದೆಯೇ ಎಂಬ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆಸಿದ್ದೆ. ಇದೆ.

ಪೂನಮ್ ನಮ್ಮ ಒಬ್ಬಳೇ ಮಗಳು. ಮೊದಲೆಲ್ಲ ದಿನಾ ಸಂಜೆ 6-15ಕ್ಕೆ ನಾನು ಕಚೇರಿಯಿಂದ ಬಂದೊಡನೆ ನನ್ನ ಕೊರಳಿನ ಗುರುತಿನ ಚೀಟಿ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡು, ನಮ್ಮ ಕಚೇರಿಯ ಅಧೀಕ್ಷಕರಾದ ಬಿಂದುಮಾಧವ ಸಾಹೇಬರ ಧ್ವನಿ ತೆಗೆದು, ಉಡಚಪ್ಪ, ಒಂದೀಟು ಇತ್ತಾಗ ಬರ್ತೀಯೇನಪಾ ಎನ್ನುತ್ತಿದ್ದಳು. ಕಚೇರಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿ ತಲೆಕೆಟ್ಟ ಮಾತು ಅದು. ಆಕೆಯ ಬಾಯಲ್ಲಿ ಅದನ್ನು ಕೇಳಲಿಕ್ಕೆಂದೇ ನಾನು ಲಗೂ ಮನೆಗೆ ಬರುತ್ತಿದ್ದೆ. ಕಳೆದ ವರ್ಷ ಫೆಬ್ರುವರಿಯಲ್ಲಿ ಆ ಮಾತು ನಿಂತಿತು. ಚೀಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಊಟದ ಹೊತ್ತಿನ ತನಕ ಆಕೆಯ ಮುಂದೆ ಸುಳಿದಾಡುತ್ತಿದ್ದೆ. ಆಕೆ ಈ ಕಡೆ ತಿರುಗುತ್ತಿರಲಿಲ್ಲ.

ದಿನಾಂಕ 12-11-2024ರಂದು ನನ್ನ ಹೆಂಡತಿ ಯಂಕವ್ವಳ ಹಟಕ್ಕೆ ಮಗಳನ್ನು ಧಾರವಾಡದ ಮನಸ್ಸಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸುವಲ್ಲಿ ಹೆಸರು ಕೇಳಿದರು. ಮಾಯಾ ಎಂದು ಬರೆಸಿದೆ. ಮಾಯಾ ನನ್ನ ತಂಗಿ. ಇದೇ ರೀತಿ ಮಂಕಾಗಿ, ಯಾವ ದವಾಖಾನೆಯನ್ನೂ ಕಾಣದೆ 1996ರಲ್ಲಿ ತೀರಿಕೊಂಡವಳು. ಮಗಳ ಹೆಸರನ್ನು ಏಕೆ ಕೊಡಲಿಲ್ಲವೆಂದರೆ, ನಾನು ಇಪ್ಪತ್ತೇಳು ವರ್ಷ ಕಡತ ಹೊತ್ತವನು. ಒಮ್ಮೆ ಕಡತದಲ್ಲಿ ಬಿದ್ದದ್ದು ಎಲ್ಲಿ ಹೋಗಿ ಏಳುತ್ತದೆ ಎಂದು ನನಗೆ ಗೊತ್ತು. ನಾಳೆ ಈ ಹುಡುಗಿ ನೌಕರಿಗೆ ಹೋಗಬೇಕು. ನಮ್ಮವರಲ್ಲಿ ಕೊಂಕು ಹುಡುಕಲು ಜನ ಮೊದಲೇ ಕಾದಿರುತ್ತಾರೆ. ಅವರ ಕೈಗೆ ನಾನೇ ಕಾಗದ ಕೊಡಲೇ ಎಂದುಕೊಂಡೆ. ಹೊರಗೆ ಬಂದಮೇಲೆ ಪೂನಮ್, ಅಪ್ಪಾ, ನನಗ ಹೆಸರಿಲ್ಲೇನು ಎಂದು ಕೇಳಿದಳು. ನಾನು ಬಸ್ಸು ಬಂತು ಎಂದೆ.

ಗುಳಿಗೆ ಶುರುವಾದವು. ಡಿಸೆಂಬರ್ 10ಕ್ಕೆ ಮತ್ತೊಮ್ಮೆ ಹೋಗಿ ಬಂದೆವು. ದಿನಾಂಕ 30-12-2024, ಸೋಮವಾರ, ಸಂಜೆ 6-20ಕ್ಕೆ ನಾನು ಇನ್ನೂ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ, ಉಡಚಪ್ಪ, ಒಂದೀಟು ಇತ್ತಾಗ ಬರ್ತೀಯೇನಪಾ ಎಂಬ ಮಾತು ಬಂತು. ಯಂಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ನಾನು ಬಂದೆನ್ರೀ ಸಾಹೇಬ್ರ ಎಂದೆ. ಅದೊಂದೇ ಸಲ.

ದಿನಾಂಕ 07-01-2025ರಂದು ಮೂರನೇ ಸಲ ಹೋದಾಗ ನಮ್ಮ ಸರದಿ ಬರುವ ಮೊದಲೇ ಸುಮಾರು ಮೂವತ್ತು ಅಡಿ ದೂರದಲ್ಲಿ ಬಿಂದುಮಾಧವ ಸಾಹೇಬರು ಕಂಡರು. ನಾನು ಮಗಳ ರಟ್ಟೆ ಹಿಡಿದು ಹಿಂದಿನ ಗೇಟಿನಿಂದ ಹೊರಗೆ ಬಂದೆ. ಅಂದಿನಿಂದ ಹೋಗಲಿಲ್ಲ. ಗುಳಿಗೆ ತೀರಿದವು. ಆಕೆ ಮತ್ತೆ ಗೋಡೆಗೆ ತಿರುಗಿದಳು. ಆಸ್ಪತ್ರೆಯ ನರ್ಸ್ ಎರಡು ಸಲ ಫೋನು ಮಾಡಿ, ಮಾಯಾ ಅವರ ತಂದಿಯವರೇನ್ರಿ, ಯಾಕ ಬರಲಿಲ್ರಿ ಎಂದು ಕೇಳಿದರು. ರಾಂಗ್ ನಂಬರ್ ಎಂದು ಹೇಳಿ ಆ ನಂಬರನ್ನೇ ಬ್ಲಾಕ್ ಮಾಡಿಸಿದೆ. ಆಸ್ಪತ್ರೆಗೆ ತೋರಿಸುವ ದಿನ ಮಂಗಳವಾರ. ಪ್ರತಿ ಸೋಮವಾರ ಸಂಜೆ ಆಕೆ, ಅಪ್ಪಾ, ನಾಳೆ ಮಂಗಳವಾರ ಎನ್ನುತ್ತಿದ್ದಳು. ವಾರಕ್ಕೆ ಆಕೆ ಆಡುತ್ತಿದ್ದುದು ಅದೊಂದೇ ಮಾತು. ನಾನು ನೋಡೂಣು ಎನ್ನುತ್ತಿದ್ದೆ. ಹೀಗೆ ಹನ್ನೆರಡು ಮಂಗಳವಾರ ಕಳೆದವು.

ನಿನ್ನೆ ಹದಿಮೂರನೆಯದು. ನಾನು 9-20ಕ್ಕೆ ಕಚೇರಿಗೆ ಹೋದೆ. ಯಂಕವ್ವ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ 1-10ಕ್ಕೆ ಬಂದಾಗ ಮನೆಯ ಚಿಲಕ ಹೊರಗಿನಿಂದ ಹಾಕಿತ್ತು. ಮಗಳ ಫೋನು ಗೋಡೆಯ ಮಾಡದಲ್ಲಿತ್ತು. ಮಗಳು ಇರಲಿಲ್ಲ. ನಾನು ಬಂದು 2-40ರ ತನಕ ಓಣಿ, ಬಸ್ ಸ್ಟಾಪು ಹುಡುಕಿದೆ. ಯಂಕವ್ವ, ಧಾರವಾಡಕ್ಕ ಹೋಗ್ಯಾಳೇನೋ ಎಂದಳು. ವರ್ಷದಿಂದ ಒಬ್ಬಳೇ ಹೊಸ್ತಿಲು ದಾಟದವಳು ಅಷ್ಟು ದೂರ ಹೇಗೆ ಹೋಗುತ್ತಾಳೆ ಎಂದು ಅವಳನ್ನೇ ಬೈದೆ. ರಜೆ ಕೇಳಲು ಫೋನು ಮಾಡಿದಾಗ ಬಿಂದುಮಾಧವ ಸಾಹೇಬರು ತಾವೇ ಕಾರು ತೆಗೆದುಕೊಂಡು ಬಂದು ನಮ್ಮಿಬ್ಬರನ್ನೂ ಠಾಣೆಗೆ ಕರೆತಂದರು.

ಮಹಿಳಾ ಪೇದೆ ಅಬೀದಾ ಅವರು, ಕಾಕಾ, ಹುಡುಗಿ ಮನಸ್ಸಿಗೆ ಏನರೆ ಹಚ್ಕೊಂಡಿದ್ಲೇನ್ರಿ ಎಂದು ಮೆತ್ತಗೆ ಕೇಳಿದರು. ಯಂಕವ್ವ, ಖರೇ ಹೇಳ್ರಿ ಎಂದು ನನ್ನ ತೋಳು ಹಿಂಡಿದಳು. ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ನಾನು ಯಂಕವ್ವಳಿಗೆ ನೀ ಸುಮ್ನಿರು ಎಂದು ಹೇಳಿ, ಅಂಥಾದ್ದೇನೂ ಇಲ್ರಿ ಎಂದು ಬರೆಸಿದೆ. ಇಬ್ಬರು ಪೇದೆಗಳು ನಾಲ್ಕು ಕಿ.ಮೀ. ದೂರದ ಗ್ರಂಥಾಲಯಕ್ಕೆ ಹೋಗಿ 4-10ಕ್ಕೆ ಬರಿಗೈಯಲ್ಲಿ ಬಂದರು. ಅಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಉಣಕಲ್ ಕೆರೆಯೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಇದಕ್ಕೆ ನನಗೆ ಈಗ ನಾಚಿಕೆಯಾಗುತ್ತದೆ.

4-15ಕ್ಕೆ ಮಗಳ ಫೋಟೋ ಬೇಕೆಂದು ಅಬೀದಾ ಅವರು ನನ್ನ ಫೋನು ಇಸಿದುಕೊಂಡರು. ಬ್ಲಾಕ್ ಆದ ಒಂದೇ ನಂಬರಿನಿಂದ ಬೆಳಿಗ್ಗೆ 11-05ರಿಂದ ಮಧ್ಯಾಹ್ನ 3-50ರವರೆಗೆ ಒಂಬತ್ತು ಕರೆ ಬಂದಿದ್ದವು. ಇದು ಯಾರ ನಂಬರ್ರೀ ಕಾಕಾ ಎಂದು ಕೇಳಿದರು. ನಾನು ನೋಡಿದೆ. ಧಾರವಾಡದ ದವಾಖಾನಿದ್ರಿ ಎಂದೆ.

ಅಬೀದಾ ಅವರೇ ಆ ನಂಬರಿಗೆ ಫೋನು ಹಚ್ಚಿದರು. ನರ್ಸ್ ಹೇಳಿದ್ದೇನೆಂದರೆ, ಹುಡುಗಿ 10-55ಕ್ಕೆ ಒಬ್ಬಳೇ ಬಂದಿದ್ದಾಳೆ, ಹಳೆಯ ಚೀಟಿಯ ಹೆಸರು ಸುಳ್ಳು, ನನ್ನ ಹೆಸರು ಪೂನಮ್ ಎಂದು ಹೇಳಿ ಹೊಸ ಚೀಟಿ ಮಾಡಿಸಿದ್ದಾಳೆ, ಡಾಕ್ಟರು ನೋಡಿದ್ದಾರೆ, ಮನೆಗೆ ಕಳಿಸುತ್ತೇವೆಂದರೂ ಏಳುತ್ತಿಲ್ಲ. ನಮ್ಮಪ್ಪ ಬರ್ತಾನ್ರಿ, ಅಂವಗ ಈ ಜಾಗಾ ಗೊತ್ತೈತಿ ಎಂದು ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಾಳೆ.

4-30ಕ್ಕೆ ಸಾಹೇಬರ ಕಾರಿನಲ್ಲಿ ನಾವು ನಾಲ್ವರೂ ಹೊರಟೆವು. ನವನಗರ ದಾಟಿದ ಮೇಲೆ ಸಾಹೇಬರು ರಸ್ತೆಯನ್ನೇ ನೋಡುತ್ತ ಒಂದು ಮಾತು ಹೇಳಿದರು. ಜನವರಿಯೊಳಗ ನೀ ಓಡಿದ್ದು ನಾ ನೋಡೇನಿ ಉಡಚಪ್ಪ, ನಮ್ಮ ಮಗ ಮಿಲಿಂದಗ ಅಲ್ಲೇ ನಾಲ್ಕು ವರ್ಷದಿಂದ ತೋರಸ್ತೇವಿ, ನೀ ನನ್ನ ನೋಡಿಗೀಡಿ ಅಂತ ನಾನೂ ಕಂಬದ ಹಿಂದ ಅಡಗಿದ್ದೆ ಎಂದರು. ಅಬೀದಾ ಅವರಿಗೆ ನಗು ಬಂತು. ಯಂಕವ್ವ, ಛಲೋ ಗಂಡಸರು ಎಂದಳು.

5-20ಕ್ಕೆ ತಲುಪಿದೆವು. ಒಳಗೆ ಬೆಂಚುಗಳ ಮೇಲೆ ಸುಮಾರು ಇಪ್ಪತ್ತೈದು ಜನ ಇದ್ದರು. ನಾನು ಬಾಗಿಲಲ್ಲಿ ನಿಂತು, ಕಚೇರಿಯಲ್ಲಿ ವಿಚಾರಣೆಗೆ ಬಂದ ಪಕ್ಷಗಾರರನ್ನು ಕೂಗುವಂತೆ, ಪೂನಮ್ ಉಡಚಪ್ಪ ಚಲವಾದಿ ಎಂದು ಕೂಗಿದೆ. ಎಲ್ಲರೂ ತಿರುಗಿ ನೋಡಿದರು. ಕೊನೆಯ ಬೆಂಚಿನಿಂದ ಆಕೆ ಎದ್ದು, ಇಲ್ಲೇ ಅದೇನಿ ಎಂದಳು. ಅಷ್ಟರಲ್ಲಿ ಡಾಕ್ಟರ ಕೋಣೆಯ ಮುಂದೆ ನಿಂತಿದ್ದ ಸಾಹೇಬರು ರೂಢಿಯಂತೆ, ಉಡಚಪ್ಪ, ಒಂದೀಟು ಇತ್ತಾಗ ಬರ್ತೀಯೇನಪಾ ಎಂದರು. ಪೂನಮ್ ತಲೆ ತಗ್ಗಿಸಿದಳು. ಆಕೆಯ ತುಟಿಯ ಅಂಚು ಅಲುಗಿದ್ದನ್ನು ನಾನು ಕಂಡಿದ್ದೇನೆ.

ಹಳೆಯ ಚೀಟಿಯಲ್ಲಿ ಮಾಯಾ ಎಂಬುದನ್ನು ಹೊಡೆದು ಮಗಳ ಹೆಸರು ಬರೆಸಿ ನಾನು ಸಹಿ ಮಾಡಿದೆ. ಗುಳಿಗೆ ಮತ್ತೆ ಮೊದಲಿನಿಂದ ಶುರುವಾಗಬೇಕು, ತಿಂಗಳೋ ಎರಡು ತಿಂಗಳೋ ಹಿಡಿಯಬಹುದು ಎಂದು ಡಾಕ್ಟರು ಹೇಳಿದರು. ಮರಳಿ ಬರುವಾಗ ಕಾರಿನಲ್ಲಿ ಪೂನಮ್ ಕೈ ಚಾಚಿ ನನ್ನ ಕೊರಳಿನ ಗುರುತಿನ ಚೀಟಿ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಇನ್ನೇನು ಅನ್ನುತ್ತಾಳೆ ಎಂದು ಬೆಂಗೇರಿ ಬರುವ ತನಕ ಕಾದೆ. ಏನೂ ಅನ್ನಲಿಲ್ಲ.

ಆಸ್ಪತ್ರೆಯ ವಿಷಯ ಬಿಟ್ಟು ಬರೆದರೂ ನಡೆಯುತ್ತದೆ ಎಂದು ಅಬೀದಾ ಅವರು ಈಗ ನನಗೆ ಹೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿರುವ ಮಗಳನ್ನು ಕೇಳಿಕೊಂಡು ಬಂದೆ. ಬರಸು ಎಂದಳು. ಆದ್ದರಿಂದ ಮೊದಲಿನ ದೂರಿನ ‘ಇಲ್ಲ’ ಎಂಬುದನ್ನು ‘ಇದೆ, ಚಿಕಿತ್ಸೆ ನಡೆದಿದೆ’ ಎಂದು ತಿದ್ದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಈ ಹೇಳಿಕೆಗೆ ನನ್ನ ಗುರುತಿನ ಚೀಟಿ ಹಾಜರುಪಡಿಸಲು ತಿಳಿಸಿದ್ದಾರೆ. ಅದು ಇನ್ನೂ ಆಕೆಯ ಕೊರಳಲ್ಲಿದೆ. ಆಕೆ ಆ ಮಾತು ಆಡುವ ತನಕ ಅದನ್ನು ಇಸಿದುಕೊಳ್ಳಲು ನನಗೆ ಮನಸ್ಸಿಲ್ಲ. ಬೇಕಾದರೆ ಆಧಾರ್ ಕಾರ್ಡ್ ತಂದು ಕೊಡುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಈ ಸಲ ನಾನು ಹೇಳಿದ್ದೆಲ್ಲ ಖರೆ.

ಸ್ಥಳ: ಹುಬ್ಬಳ್ಳಿ
ದಿನಾಂಕ: 09-04-2025

ಸಹಿ: ಉಡಚಪ್ಪ ಹು. ಚಲವಾದಿ
ಸಾಕ್ಷಿ: ಪೂನಮ್ ಉ. ಚಲವಾದಿ