ಹಾಲು-ಅನ್ನ ತಿನ್ನುವ ನಾಯಿ

"ಹಲೋ... ಹಲೋ, ಯಾರ ಮಾತಾಡೋದು? ಕೊಲ್ಲಾಪುರದ ವಕೀಲ ಭೀಮಗೊಂಡ ಅವ್ರ ಮನೀನ ಹೌದಲ್ರಿ? ... ಹಾಂ, ನೀವಽ ಏನ್ರಿ? ನಾನು ಇಚಲಕರಂಜಿಯಿಂದ್ರಿ. ರತ್ನಮಾಲಾ ಅಂತ. ... ಇಲ್ರಿ, ನಿಮಗ ನನ್ನ ಗುರುತಿಲ್ಲ. ಮಗ್ಗದ ಕಾರಖಾನಿ ಜಿನಗೊಂಡ ಸಾವಕಾರ್ರು ಅದಾರಲ್ರಿ, ನಾ ಅವರ ಸೊಸಿ..."

ರತ್ನಮಾಲಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅತ್ತೆ ಬಸದಿಗೆ ಹೋಗಿದ್ದರು. ಮಾವ ಕಾರಖಾನೆಯಲ್ಲಿದ್ದರು. ಎರಡನೇ ಮಹಾಯುದ್ಧ ಮುಗಿದ ವರ್ಷ ಮನೆಗೆ ಬಂದ ಈ ಫೋನನ್ನು ಹೆಂಗಸರು ಯಾರೂ ಮುಟ್ಟಿದ್ದಿಲ್ಲ. ಎಕ್ಸ್‌ಚೇಂಜಿನವನಿಗೆ ಹೇಳಿ ಕೊಲ್ಲಾಪುರದ ಲೈನು ಕೇಳುವುದು ಹೇಗೆಂದು ಅವಳು ಬಾಗಿಲ ಮರೆಯಿಂದ ಮಾವನನ್ನು ನೋಡಿಯೇ ಕಲಿತಿದ್ದಳು.

"ಇಡಬ್ಯಾಡ್ರಿ, ಫೋನ್ ಇಡಬ್ಯಾಡ್ರಿ. ... ಹೌದ್ರಿ, ನಮ್ಮ ಮಾವಾರ ಮ್ಯಾಲ ದಾವಾ ಹಾಕಿದ ವಕೀಲರು ನೀವಽ, ಗೊತ್ತೈತಿ. ಅದಕ್ಕಽ ಮಾಡೇನಿ. ... ಇಲ್ರಿ, ನನ್ನ ಯಾರೂ ಕಳಿಸಿಲ್ಲ. ಬಾಳಕ್ಕನ ಸಲುವಾಗಿ ಮಾಡಾಕತ್ತೇನಿ. ನಾ ಸಾಕ್ಷಿ ಹೇಳ್ತೇನ್ರಿ."

ಪಕ್ಕದ ಹಳ್ಳಿ ಕೊರೋಚಿಯ ಸೂಲಗಿತ್ತಿ ಬಾಳಕ್ಕ. ಕಳೆದ ಚೈತ್ರದಲ್ಲಿ, ರತ್ನಮಾಲಾಳಿಗೆ ಬೆಳಗಿನ ಹೊತ್ತು ಬೇನೆ ಎದ್ದಾಗ, ಅವಳನ್ನೇ ಕರೆಸಿದ್ದರು. ಗಡಿಬಿಡಿಯಲ್ಲಿ ನಾಯಿಯನ್ನು ಕಟ್ಟುವುದು ಯಾರಿಗೂ ನೆನಪಾಗಲಿಲ್ಲ. ಪುಣೆಯ ಕಡೆಯ ಒಬ್ಬ ಬಿಳಿ ಸಾಹೇಬನಿಂದ ಮಾವ ತಂದಿದ್ದ ವಿಲಾಯತಿ ನಾಯಿ ಅದು, ಎಳೆಗರುವಿನಷ್ಟು ಎತ್ತರ. ಅಂಗಳಕ್ಕೆ ಕಾಲಿಟ್ಟ ಬಾಳಕ್ಕನ ಬಲಗೈ ಹಿಡಿದು, ಕೆಡವಿ, ಜಗ್ಗಾಡಿತು. ಅವಳು ಸೆರಗನ್ನು ಹರಿದು ಕೈಗೆ ಸುತ್ತಿಕೊಂಡು ಹಾಗೆಯೇ ಒಳಗೆ ಬಂದಳು. ಆಮೇಲೆ ಅವಳು ಕೋರ್ಟಿಗೆ ಹೋದಾಗ ಮಾವ ಹೇಳಿದ್ದೇ ಬೇರೆ: ದಾರಿಯಲ್ಲಿ ಯಾವುದೋ ಬೀದಿನಾಯಿ ಕಚ್ಚಿದೆ, ನಮ್ಮ ನಾಯಿ ಅಲ್ಲ.

"ಅಂಗಳದಾಗ ಆಗಿದ್ದು ನಾ ಕಣ್ಣಿಲೆ ನೋಡಿಲ್ರಿ, ಖರೆ. ಒಳಗ ಇದ್ದೆ. ಆದ್ರ ಆಕಿ ಚೀರಿದ್ದು ಕೇಳೇನಿ, ನಾಯಿ ಗುರುಗುಟ್ಟಿದ್ದು ಕೇಳೇನಿ. ... ಹಾಂ? ... ಕೂಸು ಅಡ್ಡ ತಿರಗಿತ್ರಿ. ಎಡಗೈಲೇನಽ ಸರಿ ಮಾಡಿ ಹೊರಗ ತಗದಳು. ಒಂದ ಸಲಾನೂ ಅಯ್ಯೋ ಅನಲಿಲ್ಲ. ಹಾಸಿಗಿ ಮ್ಯಾಲಿನ ರಕ್ತ ಎಲ್ಲಾ ನಂದಽ ಅಂತ ತಿಳಕೊಂಡಿದ್ದೆ ನಾ..."

ಅವಳು ಉಸಿರು ತೆಗೆದುಕೊಂಡಳು.

"ಈಗ ಹೆಂಗೈತ್ರಿ ಕೈ? ... ಹೆಬ್ಬೆಟ್ಟು ಮಡಚೂದಽ ಇಲ್ಲಾ? ಬಾಜೂಕಿನ ಬೆರಳೂ? ... ಮತ್ತ ಡಾಕ್ಟರು ಸಾಧಾರಣ ಗಾಯ ಅಂತ ಹೆಂಗ ಬರದ್ರು? ... ಮ್ಯಾಲ ಹಲ್ಲಿನ ತೂತಷ್ಟಽ ಕಂಡೂವಂತ? ಒಳಗ ನರ ಹರದಿದ್ದು ಲೆಕ್ಕಕ್ಕ ಬರೂದಿಲ್ಲೇನ್ರಿ? ... ಏನು, ಹುಚ್ಚುನಾಯಿ ಇಂಜೆಕ್ಷನ್ನೂ ಕೊಟ್ರಾ? ಹೊಟ್ಟ್ಯಾಗ? ಬೀದಿನಾಯಿ ಅಂತ ಇವರು ಹೇಳಿದ್ದಕ್ಕ, ಆ ಹೆಣ್ಮಗಳು ಅಷ್ಟೂ ಸೂಜಿ ಚುಚ್ಚಿಸಿಕೊಂಡಳಾ..."

ವಕೀಲರು ನಿಧಾನವಾಗಿ ಏನನ್ನೋ ಹೇಳತೊಡಗಿದರು. ದನಿ ದೂರದಿಂದ, ಗಾಳಿಯಲ್ಲಿ ತೂರಾಡುತ್ತ ಬರುತ್ತಿತ್ತು. ರತ್ನಮಾಲಾ ಅರ್ಧಕ್ಕೇ ತಡೆದಳು. ಹೇಳಬೇಕೆಂದು ಬಂದದ್ದನ್ನು ಹೇಳಿಬಿಡದಿದ್ದರೆ ಧೈರ್ಯ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ತಡೀರಿ, ನಾ ಒಂದ ಕೇಳ್ತೇನಿ. ಕೋರ್ಟಿನಾಗ ನಾಯಿ ಜಾತಿ ಮ್ಯಾಲ ಭಾಳ ವಾದ ಆತಂತಲ್ರಿ? ವಿಲಾಯತಿ ಜಾತಿ ಶಿಸ್ತಿಂದು, ಮಾಲಕರ ಮಾತ ಮೀರೂದಿಲ್ಲ, ಕಂತ್ರಿನಾಯಿ ಆದ್ರ ಯಾರಿಗಾದ್ರೂ ಬಾಯಿ ಹಾಕ್ತೈತಿ ಅಂತ. ನಮ್ಮದು ಜೈನರ ಮನಿ, ನಾಯೀನೂ ಹಾಲು-ಅನ್ನಽ ತಿಂತೈತಿ, ರಕ್ತದ ರುಚಿ ಅದಕ್ಕ ಗೊತ್ತಿಲ್ಲ ಅಂತ ಮಾವಾರು ಹೇಳಿದ್ರಂತ. ... ಕೇಳಿ ಎಲ್ಲಾರೂ ತಲಿ ಅಲ್ಲಾಡಿಸಿದ್ರಾ? ... ಹಾಂ, ಹಾಲು-ಅನ್ನ ತಿನ್ನೂದು ಖರೆ. ನಾನಽ ಹಾಕ್ತೇನಲ್ರಿ..."

"... ಏನಂದ್ರಿ? ಜಾತಿ ಮುಖ್ಯ ಅಲ್ಲಾ? ಮತ್ತ ಏನ ಮುಖ್ಯ? ... ನಾಯಿ ಕಚ್ಚೂವಂಥಾದ್ದು ಅಂತ ಮಾಲಕರಿಗೆ ಮೊದಲಽ ಗೊತ್ತಿತ್ತೋ ಇಲ್ಲೋ, ಅದು. ... ಮೊದಲನೇ ಸಲ ಕಚ್ಚಿದ್ರ ಮಾಲಕರ ತಪ್ಪಲ್ಲಾ? ಹಂಗ ಐತೇನ್ರಿ ಕಾಯದೆ? ... ಹಂಗಾದ್ರ ಕೇಳ್ರಿ. ಇದು ಮೊದಲನೇ ಸಲ ಅಲ್ಲ."

ಅವಳ ದನಿ ತಾನಾಗಿಯೇ ಇಳಿಯಿತು.

"ಮೊದಲ ಕಚ್ಚಿದ್ದು ನನಗ್ರಿ. ಕೂಸು ಹೊಟ್ಟ್ಯಾಗ ಇತ್ತು. ಹಾಲು-ಅನ್ನ ಇಡಾಕ ಬಗ್ಗಿದ್ದೆ. ಎಡಗೈ, ಮೊಣಕೈ ಕೆಳಗ. ... ಮಾವಾರಽ ಬಂದು ಬಾಯಿ ಬಿಡಿಸಿದ್ರು. ಅತ್ತಿ ಅರಿಷಿಣ ಹಚ್ಚಿ ಕಟ್ಟಿದ್ರು. ಕೇಳಿದವ್ರಿಗೆ ಬಳಿ ಒಡದು ಚುಚ್ಚೈತಿ ಅನ್ನು ಅಂದ್ರು. ... ನಮ್ಮ ಯಜಮಾನ್ರಿಗೂ ಗೊತ್ತೈತ್ರಿ. ಅವರು ಅಪ್ಪನ ಮುಂದ ಏನ ಮಾತಾಡತಾರ. ... ಐತ್ರಿ, ಕಲೆ ಇನ್ನೂ ಐತಿ. ನಾಲ್ಕೂ ಹಲ್ಲು. ಬಾಳಕ್ಕನ ಕೈಯಾಗಿನ ಕಲೆ ಬಾಜೂಕ ಇಟ್ಟ ನೋಡ್ರಿ, ಬರೋಬರ ಕೂಡತಾವು."

ಎಷ್ಟೋ ತಿಂಗಳಿಂದ ಎದೆಯೊಳಗೆ ಇಟ್ಟುಕೊಂಡಿದ್ದ ಮಾತು. ಮನೆಯಲ್ಲಿ ನಾಯಿಯ ಸುದ್ದಿ ಬಂದಾಗಲೆಲ್ಲ ಅತ್ತೆ ಅವಳ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕೆ ಹೆದರಿ ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇಂದು ಹೇಳಿದ ಮೇಲೆ ಮೈ ಹಗುರಾಗಿತ್ತು.

"ಕೋರ್ಟಿನಾಗ ತೋಳ ಮ್ಯಾಲೇರಿಸಿ ತೋರಿಸಬೇಕಾಕ್ಕೈತಿ, ಗೊತ್ತೈತ್ರಿ. ತೋರಿಸ್ತೇನಿ. ... ಆಮ್ಯಾಲ ಈ ಮನ್ಯಾಗ ಇಟಗೊಳ್ಳೂದಿಲ್ಲ, ಅದೂ ಗೊತ್ತೈತಿ. ಗಡಹಿಂಗ್ಲಜದಾಗ ನಮ್ಮ ಅಣ್ಣ ಅದಾನ. ಕೂಸನ್ನ ಕಟಗೊಂಡು ಹೋಗ್ತೇನಿ. ... ನೀವು ಏನೋ ಹೇಳಾಕತ್ತಿದ್ರಿ, ನಾ ನಡಬರಕ ಮಾತಾಡಿದೆ. ಹೇಳ್ರಿ..."

ಅವರು ಹೇಳಿದರು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಏನು? ... ಯಾವಾಗ? ... ಇವತ್ತ ಮುಂಜಾನೆ? ದಾವಾ ತಿರಗಿ ತಗೊಂಡಳಾ? ಯಾರು, ಬಾಳಕ್ಕನಽ? ... ತಾನಽ ಬಂದು ಹೆಬ್ಬೆಟ್ಟು ಒತ್ತಿದಳಾ? ... ಎಡಗೈದು..."

"ಯಾಕ್ರಿ? ಯಾಕ ಹಂಗ ಮಾಡಿದಳು? ... ಆಕಿ ತಮ್ಮ ಕಾಡಪ್ಪನ್ನ? ಹೌದ್ರಿ, ನಮ್ಮ ಕಾರಖಾನ್ಯಾಗಽ ಮಗ್ಗ ನಡಸತಿದ್ದ. ದಾವಾ ಹಾಕಿದ ದಿನಾ ಹೊರಗ ಹಾಕಿದ್ರು. ... ನಾಳೆಯಿಂದ ತಿರಗಿ ತಗೋತಾರ? ಇಷ್ಟಕ್ಕಽ? ... ಹಾಂ. ಖರೆ. ಆಕೀನ್ನ ಈಗ ಯಾರೂ ಹೆರಿಗಿಗೆ ಕರೆಯೂದಿಲ್ಲಲ್ಲಾ. ಆ ಮನಿ ಅವನ ದುಡಿಮಿ ಮ್ಯಾಲಽ ನಡೀಬೇಕು..."

ಮುಂಜಾನೆ ಮಾವ ಎರಡನೇ ಸಲ ಚಹಾ ಕೇಳಿ ಪಡೆದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದ್ದರು. ಯಾಕಿಷ್ಟು ಖುಷಿ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

"ನಾ ನಿನ್ನೆ ಮಾಡಿದ್ರ? ... ಇಲ್ರಿ, ನಿನ್ನೆ ಅತ್ತಿ ಮನ್ಯಾಗಽ ಇದ್ರು. ... ಈಗ ಮತ್ತೊಂದ ದಾವಾ ಹಾಕಾಕ ಬರೂದಿಲ್ಲಾ? ... ಅದಽ ಗಾಯಕ್ಕ ಎರಡನೇ ಸಲ ನಡ್ಯೂದಿಲ್ಲಾ. ... ನನ್ನ ಗಾಯಕ್ಕ? ನಾ ಹಾಕಿದ್ರ? ... ಹಾಂ. ಮನೀ ಸೊಸಿಗೆ ಮನೀ ನಾಯಿ ಕಚ್ಚಿದ್ದು. ... ಅದೂ ಮೊದಲನೇ ಸಲಾನಽ ಆತಲ್ಲ. ತಿಳೀತ್ರಿ."

ಅವಳು ಗೋಡೆಗೆ ಒರಗಿದಳು. ತಂತಿಯೊಳಗಿನ ಗುಂಯ್‌ಗುಡುವಿಕೆ ಮಾತ್ರ ಕಿವಿಗೆ ಬೀಳುತ್ತಿತ್ತು. ಆಮೇಲೆ, ಮಾತು ಮುಗಿಯಿತೇ, ಲೈನು ಕತ್ತರಿಸಲೇ ಎಂದು ಮರಾಠಿಯಲ್ಲಿ ಕೇಳುತ್ತ ಎಕ್ಸ್‌ಚೇಂಜಿನವನ ದನಿ ನಡುವೆ ನುಗ್ಗಿತು.

"ನಾಹೀ ನಾಹೀ, ತೋಡೂ ನಕಾ... ಅಜೂನ ಬೋಲತೇ ಆಹೆ ಮೀ. ... ವಕೀಲ್ರ, ಅದೀರೇನ್ರಿ? ... ಒಂದ ಮಾತು. ಆದ್ರೂ ನೀವು ಬರಕೋರಿ. ... ಉಪಯೋಗ ಇಲ್ಲ, ತಿಳೀತು. ಕೋರ್ಟಿಗಲ್ಲ, ಸುಮ್ನ ನಿಮ್ಮ ಹಂತ್ಯಾಕ ಇರ್ಲಿ. ಒಬ್ಬರಾದ್ರೂ ಕೇಳಿದ್ರು ಅಂತ ಇರ್ಲಿ. ... ಬಾಳಕ್ಕಗ ಹೇಳಬ್ಯಾಡ್ರಿ ಮತ್ತ. ನಾ ಫೋನ್ ಮಾಡಿದ್ದು ತಿಳದ್ರ ಇನ್ನೊಂದ ದಿನಾ ತಡೀಬೇಕಾಗಿತ್ತು ಅಂತ ಕೊರಗತಾಳ. ... ಆತು? ಕಾಗದಾ ತಗೊಂಡ್ರಿ?"

ರತ್ನಮಾಲಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ನನ್ನ ಹೆಸರು ರತ್ನಮಾಲಾ. ಜಿನಗೊಂಡ ಸಾವಕಾರರ ಸೊಸಿ. ದೇವರ ಮ್ಯಾಲ ಆಣಿ ಮಾಡಿ ಹೇಳ್ತೇನಿ. ಬಾಳಕ್ಕನ್ನ ಕಚ್ಚಿದ ನಾಯಿ ನಮ್ಮ ಮನೀದು. ಅದು ಕಚ್ಚತೈತಿ ಅನ್ನೂದು ನಮ್ಮ ಮಾವಾರಿಗೆ ಗೊತ್ತಿತ್ತು, ಅತ್ತಿಗೆ ಗೊತ್ತಿತ್ತು, ನಮ್ಮ ಯಜಮಾನ್ರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಯಾಕಂದ್ರ ಅದಕ್ಕೂ ಮೊದಲ... ವಕೀಲ್ರ? ... ಹಲೋ... ಎಲ್ಲೀತನಕ ಕೇಳಿಸ್ತರಿ ನಿಮಗ? ... ಹಲೋ..."