ಹೊಸ ಹೀರೋಗೆ ರೆಕ್ಕೆ ಬೇಡ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬ ಮಕ್ಕಳ ಪತ್ರಿಕೆಗೆ ಕಥೆ ಬರೆಯುವವನು, ಇನ್ನೊಬ್ಬ ಅದಕ್ಕೆ ಚಿತ್ರ ಬಿಡಿಸುವವನು. ಒಳಗೆ ಮಲಗಿದ್ದದ್ದು ಕಥೆಗಾರನ ತಾಯಿ.

"ಹೊಸ ಸೂಪರ್‌ಹೀರೋಗೆ ರೆಕ್ಕೆ ಬಿಡಿಸ್ಲೇನೋ?" ಎಂದ ಚಿತ್ರಗಾರ.

"ಬೇಡ. ಹಾರಿ ಎಲ್ಲಿಗೆ ಹೋಗ್ತಾನೆ? ಅಮ್ಮ ಇಲ್ಲೇ ಇದ್ದಾಳಲ್ಲ."

"ಗುಂಡು ತಾಗದ ಮೈ?"

"ನಮ್ಮಂಥೋರಿಗೆ ಗುಂಡು ಯಾರು ದಂಡ ಮಾಡ್ತಾರೋ?"

"ಮತ್ತೆ ಅವನ ಶಕ್ತಿ ಏನು?"

"ಅವನು ಏನಾದ್ರೂ ಕೇಳಿದ್ರೆ, ಎದುರಿಗಿರೋರು ನಿಂತು, ಮುಖ ನೋಡಿ ಉತ್ತರ ಹೇಳ್ತಾರೆ."

"ಥೂ, ಅದೂ ಒಂದು ಶಕ್ತಿನಾ? ಮಕ್ಕಳು ನಗ್ತಾರೆ."

"ನಗ್ಲಿ. ಬೆಳಗ್ಗಿಂದ ಬಿಳಿ ಕೋಟು ಕಂಡಾಗಲೆಲ್ಲ ಎದ್ದು ಕೇಳ್ದೆ. ಒಬ್ಬರಾದ್ರೂ ನಿಂತ್ರಾ?"

"ಓದೋರಿಗೆ ಯಾವ ಭಯ ಇದೆಯೋ ಅದನ್ನ ಓಡ್ಸೋನೇ ಹೀರೋ ಅಂತ ನೀನೇ ಹೇಳ್ತಿದ್ದೆ."

"ಹೌದು. ಈ ಭಯ ನಂಗೆ ಇವತ್ತೇ ಗೊತ್ತಾಗಿದ್ದು."

ಬಾಗಿಲು ತೆರೆಯಿತು. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಯ ಕಡೆಯವರು ಯಾರೆಂದು ನರ್ಸ್ ತಲೆಯೆತ್ತದೆ ಕೂಗಿದಳು. ಕಥೆಗಾರ ಎದ್ದು ಓಡಿದ.

"ನಾನೇ ಸಿಸ್ಟರ್, ಮಗ. ಅಮ್ಮ ಹೇಗಿದ್ದಾಳೆ?"

ಅವಳು ನಿಂತಳು. ತಲೆಯೆತ್ತಿ ಅವನನ್ನು ನೋಡಿದಳು.

"ಬನ್ನಿ ಅಣ್ಣಾ," ಎಂದಳು, ಮೆಲ್ಲಗೆ. "ಒಂದ್ಸಲ ಮುಖ ನೋಡ್ಕೊಂಡ್ಬಿಡಿ."

ಚಿತ್ರಗಾರ ಇಬ್ಬರ ಚೀಲವನ್ನೂ ಎತ್ತಿಕೊಂಡು ಹಿಂದೆಯೇ ಹೋದ.